ಬಾಗಿಲು ಒಂದು, ಸದ್ಯ ಟಾಂಜಾನಿಯಾದಲ್ಲಿದೆ

ನನ್ನ ಮೊದಲ ಕೆಲಸದ ಮೊದಲ ದಿನ ನಾನು ಶಾಲೆಯೊಳಕ್ಕೆ ಹೋದದ್ದು ಕಿಟಕಿಯಿಂದ.

ಆಗ ನನಗೆ ಇಪ್ಪತ್ತಮೂರು ವರ್ಷ. ಗಂಜಿ ಹಾಕಿ ಇಸ್ತ್ರಿ ಮಾಡಿದ ಸೀರೆ ಉಟ್ಟು, ಮದ್ದೂರಿನಲ್ಲಿ ಮಳವಳ್ಳಿ ಬಸ್ಸು ಹತ್ತಿ, ಕಂಡಕ್ಟರು ಹೇಳಿದ ಕಡೆ ಇಳಿದಿದ್ದೆ. ಕಬ್ಬಿನ ಗದ್ದೆಗಳ ನಡುವೆ ಬಿಸಿಲಿಗೆ ಥಳಥಳ ಹೊಳೆಯುವ ಉದ್ದನೆಯ ಡಬ್ಬವೊಂದು ನಿಂತಿತ್ತು. ಅದೇ ಹೆಣ್ಣುಮಕ್ಕಳ ಹೈಸ್ಕೂಲು ಎಂದರು. ಸುತ್ತ ಒಂದು ಸಲ ತಿರುಗಿದೆ, ಬಾಗಿಲು ಕಾಣಲಿಲ್ಲ. ಗಾಬರಿಯಲ್ಲಿ ನನಗೇ ಕಣ್ಣು ತಪ್ಪಿರಬೇಕೆಂದು ಇನ್ನೊಂದು ಸಲ ತಿರುಗಿದೆ. ಆಗ ಒಂದು ಕಿಟಕಿ ಸರ್ರನೆ ಪಕ್ಕಕ್ಕೆ ಸರಿಯಿತು. ದಪ್ಪ ಕನ್ನಡಕದ, ನಲವತ್ತೈದರ ಆಸುಪಾಸಿನ ಹೆಂಗಸೊಬ್ಬರು ತಲೆ ಹೊರಗಿಟ್ಟರು.

“ಹೊಸ ಇಂಗ್ಲಿಷ್ ಟೀಚರಾ? ಸುತ್ತಿದ್ದು ಸಾಕು, ಬಾಗಿಲು ಇಲ್ಲ. ಚಪ್ಪಲಿ ಅಲ್ಲೇ ಬಿಟ್ಟು ಆ ಕಲ್ಲಿನ ಮೇಲೆ ನಿಂತುಕೊಳ್ಳಿ. ಚೀಲ ಇಲ್ಲಿ ಕೊಡಿ. ಹಾಂ, ಬಲಗಾಲು ಮೊದಲು.”

ಅವರೇ ನಮ್ಮ ಹೆಡ್‌ಮೇಡಂ. ಹೋದ ತಿಂಗಳು ಅವರು ತೀರಿಕೊಂಡರೆಂದು ಹಳೆಯ ವಿದ್ಯಾರ್ಥಿನಿಯೊಬ್ಬಳು ಫೋನು ಮಾಡಿ ಹೇಳಿದಳು. ತೊಂಬತ್ತು ದಾಟಿತ್ತು, ಅಕಾಲವೆಂದು ಅಳುವ ಹಾಗಿಲ್ಲ. ಫೋನು ಕೆಳಗಿಟ್ಟ ಮೇಲೆ ನನಗೆ ಬಂದದ್ದು ನಗು. ಆಮೇಲೆ ನಗುತ್ತಿದ್ದೇನಲ್ಲ ಎಂದು ಅಳು.

ಅವರ ವಿಷಯದಲ್ಲಿ ಮೊದಲು ತಿಳಿಯಬೇಕಾದದ್ದು ಒಂದೇ: ಬರವಣಿಗೆಯಲ್ಲಿ ಇದ್ದದ್ದೆಲ್ಲವನ್ನೂ ಅವರು ನಂಬುತ್ತಿದ್ದರು. ಬಸ್ಸಿನಲ್ಲಿ ‘ಕೈ ಹೊರಗೆ ಚಾಚಬೇಡಿ’ ಎಂದು ಬರೆದಿದ್ದರೆ ವೈದ್ಯನಾಥಪುರದ ತಮ್ಮನ ಮನೆಯಿಂದ ಶಾಲೆ ಮುಟ್ಟುವವರೆಗೆ ಎರಡೂ ಕೈ ಮಡಿಲಲ್ಲಿಟ್ಟುಕೊಂಡೇ ಕೂತಿರುತ್ತಿದ್ದರು. ಟಾನಿಕ್ಕಿನ ಬಾಟಲಿ ಮೇಲೆ ‘ಚೆನ್ನಾಗಿ ಅಲ್ಲಾಡಿಸಿ’ ಎಂದಿದ್ದರೆ ತೋಳು ನೋಯುವವರೆಗೆ ಅಲ್ಲಾಡಿಸುವರು. ಒಂದು ವರ್ಷ ಮಂಡ್ಯದಲ್ಲಿ ಅಚ್ಚು ಹಾಕಿಸಿದ ಶಾಲಾ ಕ್ಯಾಲೆಂಡರಿನಲ್ಲಿ ಫೆಬ್ರವರಿಗೆ ಮೂವತ್ತು ದಿನ ಬಂದುಬಿಟ್ಟಿತ್ತು. ನಾವೆಲ್ಲ ನಕ್ಕು ಸುಮ್ಮನಾದೆವು. ಇವರು ಇಲಾಖೆಗೆ ಪತ್ರ ಬರೆದರು: ಸದರಿ ಮೂವತ್ತನೇ ತಾರೀಖು ಶಾಲೆ ನಡೆಸಬೇಕೋ, ರಜೆಯೋ, ತಿಳಿಸಿ. ಯಾರಾದರೂ ನಗಾಡಿದರೆ ಅವರ ಉತ್ತರ ಯಾವಾಗಲೂ ಅದೇ. “ಬರೆದಿದ್ದಾರಲ್ಲ?”

ಇಂಥವರ ಕೈಗೆ ಆ ಕಟ್ಟಡ ಬಂದು ಸೇರಿದ್ದು ಹೀಗೆ. ನಾರ್ವೆ ದೇಶದ ಎಂಜಿನಿಯರೊಬ್ಬರು ಶಿವನಸಮುದ್ರದ ವಿದ್ಯುದಾಗಾರ ನೋಡಲು ಹೊರಟಿದ್ದಾಗ ಅವರ ಕಾರು ನಮ್ಮ ಶಾಲೆಯ ಎದುರು ಕೆಟ್ಟು ನಿಂತಿತಂತೆ. ಆಗ ಶಾಲೆಯೆಂದರೆ ಎರಡು ಹೊಂಗೆಮರ, ಒಂದು ಕಪ್ಪುಹಲಗೆ. ಕಾರು ರಿಪೇರಿಯಾಗುವವರೆಗೆ ಅವರು ಮರದಡಿ ಕೂತು ಹುಡುಗಿಯರ ಜೊತೆ ರೇಖಾಗಣಿತ ಕೇಳಿದರು. ಊರಿಗೆ ಹೋಗಿ ತಮ್ಮ ಕಡೆಯವರಿಗೆಲ್ಲ ಹೇಳಿ ಒಂದು ಶಾಲೆಯನ್ನೇ ಕೊಂಡು ಕಳಿಸಿಬಿಟ್ಟರು. ಅಲ್ಲಿಯ ಕಂಪನಿಯೊಂದು ಅಲ್ಯೂಮಿನಿಯಮ್ಮಿನ ಮನೆ, ಆಸ್ಪತ್ರೆ, ಶಾಲೆಗಳನ್ನು ಬಿಡಿಬಿಡಿಯಾಗಿ ತಯಾರಿಸಿ, ಪೆಟ್ಟಿಗೆಗೆ ತುಂಬಿ ದೇಶದೇಶಕ್ಕೆ ಮಾರುತ್ತಿತ್ತು. ನಮ್ಮ ಶಾಲೆ ಹಡಗಿನಲ್ಲಿ ಮದರಾಸಿಗೆ, ರೈಲಿನಲ್ಲಿ ಮದ್ದೂರಿಗೆ, ಅಲ್ಲಿಂದ ಕಬ್ಬಿನ ಗಾಡಿಗಳಲ್ಲಿ ನಮ್ಮೂರಿಗೆ ಬಂತು. ಗೋಡೆ, ಚಾವಣಿ, ಕಿಟಕಿ, ನಟ್ಟು, ಬೋಲ್ಟು, ಎಲ್ಲಕ್ಕೂ ನಂಬರು. ಜೊತೆಗೆ ಜೋಡಿಸುವ ವಿಧಾನ ತಿಳಿಸುವ ದಪ್ಪ ಪುಸ್ತಕ.

ಜೋಡಿಸಿದವನು ಶಿವನಸಮುದ್ರದಲ್ಲಿ ಕೆಲಸಕ್ಕಿದ್ದ ನಮ್ಮೂರಿನ ಫಿಟ್ಟರು. ಮೇಡಂ ಪುಸ್ತಕ ಓದಿ ಹೇಳುವುದು, ಅವನು ಬಿಗಿಯುವುದು. ಮೂರು ಭಾನುವಾರ ಕೆಲಸ ನಡೆಯಿತು. ಕೊನೆಯ ಗೋಡೆಗೆ ಬಂದಾಗ, ಬಾಗಿಲಿರಬೇಕಾದ ಹಲಗೆಯ ಬದಲು ಪೆಟ್ಟಿಗೆಯಲ್ಲಿ ಬರಿಯ ಹಲಗೆ ಇತ್ತು. ಬಾಗಿಲು ಬರುವವರೆಗೆ ಆ ಜಾಗ ಖಾಲಿ ಬಿಡೋಣವೆಂದರೆ ಚಾವಣಿ ಕೂರುತ್ತಿರಲಿಲ್ಲ. ಎಲ್ಲ ಹಲಗೆಯೂ ಸೇರಿದರೆ ಮಾತ್ರ ಅದು ನಿಲ್ಲುವುದು. ಆಕಾಶದಲ್ಲಿ ಮೋಡ ಬೇರೆ ಕಟ್ಟಿತ್ತು. ಇದ್ದ ಹಲಗೆಯನ್ನೇ ಹಾಕು ಎಂದರು ಮೇಡಂ. ಅವನು ಒಳಗಿನಿಂದ ಬೋಲ್ಟು ಬಿಗಿದ. ಕೊನೆಯದನ್ನು ಬಿಗಿದ ಮೇಲೆ ಒಳಗಿನಿಂದ ಅವನ ದನಿ ಕೇಳಿಸಿತಂತೆ.

“ಮೇಡಮ್ನೋರೆ, ಕೆಲ್ಸ ಆಯ್ತು. ಈಗ ನಾ ಎಂಗೆ ಬರ್ಲಿ?”

ಹಾಗೆ ಕಿಟಕಿಯಿಂದ ಹೊರಬಂದ ಮೊದಲನೆಯವನು ಅವನೇ.

ಆ ಹಲಗೆಯನ್ನು ಕತ್ತರಿಸಿ ಬಾಗಿಲು ಮಾಡಬಾರದೇ ಎಂದು ಹೊಸದಾಗಿ ಬಂದವರೆಲ್ಲ ಕೇಳುತ್ತಿದ್ದರು, ನಾನೂ ಕೇಳಿದ್ದೆ. ಫಿಟ್ಟರು ಬೇಡವೆನ್ನುತ್ತಿದ್ದ. “ಇದ್ನ ಕುಯ್ದ್ರೆ ಮೇಲಿಂದು ಕುಂತ್ಕತದೆ ಕಣಮ್ಮ. ಒಳಗೆ ಐಕ್ಳವೆ.” ಆದರೂ ಮೇಡಂ ಇಲಾಖೆಗೆ ಬರೆದು, ಪರದೇಶದ ದಾನವಾದ್ದರಿಂದ ಅನುಮತಿ ಕೇಳಿದ್ದರು. ವರ್ಷ ಕಳೆದ ಮೇಲೆ ಉತ್ತರ ಬಂತು. ಪೂರ್ಣಗೊಂಡ ಕಟ್ಟಡದಲ್ಲಿ ಮಾತ್ರ ಬದಲಾವಣೆಗೆ ಅವಕಾಶವುಂಟು; ಬಾಗಿಲಿಲ್ಲದ ಕಟ್ಟಡ ಪೂರ್ಣಗೊಂಡದ್ದಲ್ಲ; ಆದ್ದರಿಂದ ಮೊದಲು ಬಾಗಿಲು ಇಟ್ಟು, ಅನಂತರ ಬಾಗಿಲು ಇಡಲು ಅನುಮತಿ ಕೋರುವುದು. ಇದನ್ನು ಓದಿ ನಾನು ಮೇಜಿನ ಮೇಲೆ ತಲೆಯಿಟ್ಟು ನಕ್ಕೆ. ಅವರು ಎರಡನೆಯ ಸಲ ಓದಿ, “ವ್ಯಾಕರಣ ಸರಿಯಾಗಿದೆ,” ಎಂದು ಫೈಲಿಗೆ ಸೇರಿಸಿದರು.

ಹೀಗಾಗಿ ಹತ್ತೂಕಾಲಿಗೆ ಗಂಟೆ ಹೊಡೆದರೆ ಐವತ್ತೆಂಟು ಹುಡುಗಿಯರು, ನಾಲ್ವರು ಮೇಡಮ್ಮುಗಳು ಏಳು ಕಿಟಕಿಗಳಿಂದ ಒಳಗೆ ಹೋಗುತ್ತಿದ್ದೆವು. ಎಲ್ಲರಿಗಿಂತ ಮೊದಲು ಹೆಡ್‌ಮೇಡಂ. ಕೊಡೆ ಒಳಗೆ ಕೊಡುವರು. ಕಲ್ಲು ಹತ್ತಿ, ನೆರಿಗೆ ಒತ್ತಿ ಹಿಡಿದು ಕಿಟಕಿಯ ಅಂಚಿನ ಮೇಲೆ ಕೂರುವರು. ಬಲಗಾಲು ಮೊದಲು ಎತ್ತಿ ಒಳಗಿನ ಬೆಂಚಿನ ಮೇಲಿಟ್ಟು, ಇಳಿದು, ಸೆರಗು ಸರಿಮಾಡಿಕೊಂಡು ತಿರುಗಿದರೆಂದರೆ ಅರಮನೆಯ ಮೆಟ್ಟಿಲಿಳಿದು ಬಂದವರ ಹಾಗೆ ಇರುತ್ತಿದ್ದರು. ನಾನು ಮೂರು ವರ್ಷ ನೋಡಿದ್ದೇನೆ, ಒಂದು ದಿನವೂ ಎಡವಲಿಲ್ಲ. ಹಬ್ಬದಲ್ಲಿ ಹುಡುಗಿಯರು ಮಾವಿನೆಲೆ ತಂದು ಕಿಟಕಿಗೆ ತೋರಣ ಕಟ್ಟಲು ಹೋದಾಗ ಮಾತ್ರ ಬೇಡವೆಂದರು. “ಕಿಟಕಿಗೆ ಯಾರಾದರೂ ತೋರಣ ಕಟ್ಟುತ್ತಾರೆಯೇ? ಬಾಗಿಲು ಬರಲಿ, ಕಟ್ಟೋಣ.”

ಬೇಸಿಗೆಯಲ್ಲಿ ಒಳಗೆ ಬೆಂದುಹೋಗುತ್ತಿದ್ದೆವು. ಚಳಿ ದೇಶದವರು ಕಾವು ಹೊರಗೆ ಹೋಗದ ಹಾಗೆ ಕಟ್ಟಿದ್ದರು. ಅದು ಹೋಗುತ್ತಲೂ ಇರಲಿಲ್ಲ. ಊರಿನವರು ಅದಕ್ಕೆ ‘ಇಡ್ಲಿಪಾತ್ರೆ ಇಸ್ಕೂಲು’ ಎಂದು ಹೆಸರಿಟ್ಟಿದ್ದರು.

ಪುಸ್ತಕದ ಕೊನೆಯಲ್ಲಿ ಇನ್ನೊಂದು ನಿಯಮವಿತ್ತು. ಚಳಿಗಾಲದಲ್ಲಿ ವಾರಕ್ಕೊಮ್ಮೆ ಚಾವಣಿ ಹತ್ತಿ, ಬಿದ್ದ ಹಿಮವನ್ನು ತೆಗೆಸಿ, ಲಗತ್ತಿಸಿದ ಪುಸ್ತಕದಲ್ಲಿ ನಮೂದಿಸಬೇಕು. ಇಲ್ಲದಿದ್ದರೆ ಗ್ಯಾರಂಟಿ ಇಲ್ಲ. ಪೆಟ್ಟಿಗೆಯಲ್ಲಿ ಹಿಮ ಬಾಚುವ ಸಲಿಕೆಯೂ ಬಂದಿತ್ತು. ನವೆಂಬರಿನಿಂದ ಮಾರ್ಚಿಯವರೆಗೆ ಪ್ರತಿ ಶನಿವಾರ ಜವಾನ ಚಿಕ್ಕಯ್ಯ ಸಲಿಕೆ ಹೆಗಲಿಗೇರಿಸಿ ಏಣಿ ಹತ್ತುತ್ತಿದ್ದ. ಚಿಕ್ಕಯ್ಯ ಐವತ್ತು ದಾಟಿದವನು, ಗಂಭೀರ ಮನುಷ್ಯ. ಮೇಲೆ ನಿಂತು ನಾಲ್ಕು ದಿಕ್ಕಿಗೂ ನೋಡಿ ಇಳಿದು ಬಂದು, “ಇವತ್ತೂ ಬಿದ್ದಿಲ್ಲ ಮೇಡಮ್ನೋರೆ,” ಎನ್ನುವನು. ಮೇಡಂ ‘ಹಿಮ ಇರಲಿಲ್ಲ’ ಎಂದು ಬರೆಯುವರು. ಅವನು ಹೆಬ್ಬೆಟ್ಟು ಒತ್ತುವನು.

“ಚಿಕ್ಕಯ್ಯ, ಹಿಮ ಅಂದ್ರೆ ಏನು ಗೊತ್ತಾ ನಿನಗೆ?” ಎಂದು ನಾನೊಮ್ಮೆ ಕೇಳಿದೆ.

“ನಂಗೆಂಗೆ ಗೊತ್ತಾದದು ಮೇಡಂ?” ಎಂದ. “ಆದ್ರೆ ಬಿದ್ದಿಲ್ಲ.”

ಒಂದು ಮಾರ್ಚಿಯ ಶನಿವಾರ ಚಿಕ್ಕಯ್ಯ ಏಣಿಯ ಮೇಲಿನಿಂದಲೇ ಕೂಗಿಕೊಂಡ. “ಬಿದ್ದದೆ! ಮೇಡಮ್ನೋರೆ, ಬಿದ್ದದೆ! ಬೆಳ್ಳಗೆ ಮೆತ್ತಗದೆ!” ಶಾಲೆಗೆ ಶಾಲೆಯೇ ಕಿಟಕಿ ಹಾರಿ ಹೊರಗೆ ಬಂತು. ಪಕ್ಕದ ಬೂರುಗದ ಮರದ ಕಾಯಿಗಳು ಒಡೆದು ಚಾವಣಿಯ ತುಂಬ ಹತ್ತಿ ಹರಡಿಕೊಂಡಿತ್ತು. ಮೇಡಂ ಪುಸ್ತಕ ತೆರೆದು ‘ಹಿಮವಲ್ಲ, ಬೂರುಗದ ಹತ್ತಿ. ತೆಗೆಸಲಾಯಿತು’ ಎಂದು ಬರೆದರು. ವರ್ಷದ ಕೊನೆಗೆ ಆ ಪುಸ್ತಕದ ಇಂಗ್ಲಿಷ್ ನಕಲು ಕಂಪನಿಗೆ ಹೋಗಬೇಕು. ಬೂರುಗದ ಹತ್ತಿಗೆ ಇಂಗ್ಲಿಷ್ ಹುಡುಕಿದವಳು ನಾನು. ಬೂರುಗದ ಹತ್ತಿಯಿಂದಾಗುವ ಹಾನಿ ತಮ್ಮ ಗ್ಯಾರಂಟಿಯಲ್ಲಿ ಸೇರಿಲ್ಲವೆಂದು ಅವರು ವಿಷಾದಪೂರ್ವಕವಾಗಿ ತಿಳಿಸಿದರು.

ಕಂಪನಿಗೆ ಬರೆದ ಬಾಗಿಲಿನ ಪತ್ರಗಳನ್ನು ಟೈಪು ಮಾಡಿದವಳೂ ನಾನೇ. ಮೊದಲನೆಯದರಲ್ಲಿ ‘ಬಾಗಿಲಿನ ಮೂಲಕ ಒಳಗೆ ಹೋಗಲು ನಮಗೆ ಸಾಧ್ಯವಾಗುತ್ತಿಲ್ಲ’ ಎಂದು ಸವಿನಯವಾಗಿ ಬರೆಸಿದ್ದರು. ಎರಡು ತಿಂಗಳಿಗೆ ರಿಜಿಸ್ಟರ್ಡ್ ಟಪಾಲಿನಲ್ಲಿ ಒಂದು ಬೀಗದ ಕೈ ಬಂತು. ಅದನ್ನು ಅವರು ದಾಸ್ತಾನು ಪುಸ್ತಕಕ್ಕೆ ಏರಿಸಿದರು: ಬೀಗದ ಕೈ ಒಂದು, ಬೀಗ ಇಲ್ಲ, ಬಾಗಿಲು ಇಲ್ಲ. ಎರಡನೆಯ ಪತ್ರದಲ್ಲಿ ಬಾಗಿಲೇ ಇಲ್ಲ ಎಂದೆವು. ಬಣ್ಣಬಣ್ಣದ ಬಾಗಿಲುಗಳ ಚಿತ್ರವಿದ್ದ ಪುಸ್ತಕ ಬಂತು, ಯಾವುದು ಇಷ್ಟವೋ ತಿಳಿಸಿ ಎಂದು. ಮೂರು, ನಾಲ್ಕು, ಐದನೆಯದಕ್ಕೆ ತಮ್ಮ ಲೆಕ್ಕದಂತೆ ಬಾಗಿಲು ತಲುಪಿದೆ, ದಯವಿಟ್ಟು ಇನ್ನೊಮ್ಮೆ ಹುಡುಕಿ ಎಂದರು. ಮೇಡಂ ಹುಡುಕಿಸಿದರು. ನಿಜವಾಗಿ. ಒಂದು ಪೀರಿಯಡ್ ಪೂರ್ತಿ ಐವತ್ತೆಂಟು ಹುಡುಗಿಯರು ಕಬ್ಬಿನ ಗದ್ದೆಯಲ್ಲಿ ಬಾಗಿಲು ಹುಡುಕಿದರು.

ಊರಲ್ಲಿ ಜನ ಆಡಿಕೊಳ್ಳದೆ ಇರಲಿಲ್ಲ. ಒಂದು ದಿನ ಪಕ್ಕದ ಹಳ್ಳಿಯ ರೈತರೊಬ್ಬರು ಬಂದು ಕಿಟಕಿಯ ಹೊರಗೆ ನಿಂತರು. ಅವರ ಮಗಳು ಒಂಬತ್ತನೆಯ ತರಗತಿ.

“ಮಗ್ಳ ಇಸ್ಕೂಲ್ ಬುಡುಸ್ತೀನಿ ಮೇಡಮ್ನೋರೆ. ಕಿಟಕಿ ಅತ್ತಿ ಇಳಿಯೋರು ಕಳ್ಳರು ಕಣಮ್ಮ. ನಾಳೀಕೆ ಯಾರ್ ಮದ್ವೆ ಆಯ್ತಾರೆ ಇವ್ಳ?”

“ಕಳ್ಳರು ಹತ್ತುವುದು ರಾತ್ರಿ,” ಎಂದರು ಮೇಡಂ. “ನಮ್ಮದು ಬೆಳಿಗ್ಗೆ ಹತ್ತೂಕಾಲು. ಬೇಕಾದರೆ ವೇಳಾಪಟ್ಟಿ ನೋಡಿ.” ಗೋಡೆಯಲ್ಲಿದ್ದ ವೇಳಾಪಟ್ಟಿಯನ್ನು ಬಿಚ್ಚಿ ತಂದು ಕಿಟಕಿಯಿಂದ ಅವರ ಕೈಗೆ ಕೊಟ್ಟರು. ಅವರು ಅದನ್ನು ಹಿಡಿದುಕೊಂಡು ಏನು ಮಾಡಬೇಕೋ ತಿಳಿಯದೆ ನಿಂತರು.

“ಒಳಗೆ ಬನ್ನಿ,” ಎಂದರು ಮೇಡಂ. “ನಿಮ್ಮ ಮಗಳದು ಈಗ ಬೀಜಗಣಿತ.”

ಅವರು ಪಂಚೆ ಎತ್ತಿ ಕಟ್ಟಿ ಹತ್ತಿದರು. ಹಿಂದಿನ ಬೆಂಚಿನಲ್ಲಿ ಮೊಣಕಾಲ ಮೇಲೆ ಕೈಯಿಟ್ಟು ಕೂತು, ಮಗಳು ಬೋರ್ಡಿನ ಮೇಲೆ ಉದ್ದುದ್ದಕ್ಕೆ ಬರೆದು, ಕೊನೆಗೆ ಒಂದು ಅಂಕೆಗೆ ಬಂದು ನಿಂತು, ಅದರ ಕೆಳಗೆ ಎರಡು ಗೆರೆ ಎಳೆದದ್ದನ್ನು ನೋಡಿದರು. ಗಂಟೆ ಹೊಡೆಯುವವರೆಗೆ ಏಳಲಿಲ್ಲ. ಇಳಿದು ಹೋಗುವಾಗ ಕಾಲಿಂದ ಕಲ್ಲನ್ನು ಅಲ್ಲಾಡಿಸಿ ನೋಡಿ, “ಇದು ಅಳ್ಳಾಡ್ತದೆ ಕಣಮ್ಮ, ಬಿದ್ಗಿದ್ದಾವು,” ಎಂದರು. ಮಾರನೆಯ ದಿನ ಗಾಡಿಯಲ್ಲಿ ಏಳು ಚಪ್ಪಡಿ ಕಲ್ಲು ತಂದು, ಏಳು ಕಿಟಕಿಗೂ ಮೆಟ್ಟಿಲು ಕೂರಿಸಿ ಹೋದರು. ಮಗಳನ್ನು ಬಿಡಿಸುವ ಮಾತು ಮತ್ತೆ ಎತ್ತಲಿಲ್ಲ.

ಆರನೆಯ ಪತ್ರಕ್ಕೆ ನಾರ್ವೆಯಿಂದ ನಿಜವಾದ ಉತ್ತರ ಬಂತು. ಪೆಟ್ಟಿಗೆ ತುಂಬುವಾಗ ಅದಲುಬದಲಾಗಿದೆ, ನಮ್ಮ ಬಾಗಿಲು ಟಾಂಜಾನಿಯಾ ದೇಶದ ಒಂದು ಶಾಲೆಗೆ ಹೋಗಿದೆ, ಅವರ ಬರಿಯ ಹಲಗೆ ನಮಗೆ ಬಂದಿದೆ, ಕ್ಷಮಿಸಿ, ದಯವಿಟ್ಟು ಅವರನ್ನೇ ಸಂಪರ್ಕಿಸಿ. ಅಟ್ಲಾಸು ತೆಗೆದು ಟಾಂಜಾನಿಯಾ ಹುಡುಕಿದೆವು. ಮೇಡಂ ತುಂಬ ಹೊತ್ತು ಅದನ್ನೇ ನೋಡುತ್ತಿದ್ದರು. “ಸಮುದ್ರದ ದಡದಲ್ಲೇ ಇದೆ,” ಎಂದರು, ಇನ್ನೇನು ಬಂದೇಬಿಟ್ಟಿತು ಎನ್ನುವ ಹಾಗೆ.

ಅಲ್ಲಿಯ ಹೆಡ್‌ಮಾಸ್ತರರು ಬೇಗನೆ ಉತ್ತರ ಬರೆದರು, ಗುಂಡಗಿನ ಅಕ್ಷರದಲ್ಲಿ, ಬಹಳ ಸಜ್ಜನಿಕೆಯಿಂದ. ಹೌದು, ಎರಡು ಬಾಗಿಲು ಬಂದಿವೆ. ಒಂದರಲ್ಲಿ ಗಂಡುಮಕ್ಕಳು, ಇನ್ನೊಂದರಲ್ಲಿ ಹೆಣ್ಣುಮಕ್ಕಳು ಹೋಗುತ್ತಾರೆ. ಹೆಣ್ಣುಮಕ್ಕಳಿಗೆಂದೇ ಬೇರೆ ಬಾಗಿಲಿರುವುದನ್ನು ಕಂಡು ಸುತ್ತಲಿನವರು ಧೈರ್ಯ ಮಾಡಿ ಹೆಣ್ಣುಮಕ್ಕಳನ್ನು ಕಳಿಸುತ್ತಿದ್ದಾರೆ. ಆದರೂ ಅದು ನಿಮ್ಮದು. ನೀವು ಹೇಳಿದರೆ ಬಿಚ್ಚಿ ಕಳಿಸುತ್ತೇನೆ.

ಮೇಡಂ ಆ ಪತ್ರವನ್ನು ಮಡಿಸಿ, ಮತ್ತೆ ಬಿಚ್ಚಿ, ಮತ್ತೆ ಮಡಿಸಿದರು. “ಬರೆಯಿರಿ,” ಎಂದರು ನನಗೆ. “ಬಾಗಿಲು ನಮ್ಮದೇ. ಸದ್ಯ ನಿಮ್ಮಲ್ಲಿರಲಿ.” ಕಂಪನಿಗೆ ಹೊಸ ಬಾಗಿಲಿಗಾಗಿ ಏಳನೆಯ ಪತ್ರ ಹಾಕಿದೆವು. ಅದು ಯಾವಾಗ ಬಂದೀತೋ ದೇವರಿಗೇ ಗೊತ್ತಿತ್ತು.

ಅಷ್ಟರಲ್ಲಿ ನಮ್ಮ ಮೊದಲ ತಂಡದ ಹದಿನಾಲ್ಕು ಹುಡುಗಿಯರು ಹತ್ತನೆಯ ತರಗತಿಗೆ ಬಂದಿದ್ದರು. ಅವರು ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂರಬೇಕಾದರೆ ಶಾಲೆಗೆ ಮಾನ್ಯತೆ ಬೇಕು. ಮಾನ್ಯತೆಗೆ ಇನ್‌ಸ್ಪೆಕ್ಷನ್ ಆಗಬೇಕು. ಇಲ್ಲದಿದ್ದರೆ ವರ್ಷ ಹಾಳು. ಇನ್ನೊಂದು ವರ್ಷ ಕಾಯುತ್ತೇವೆ ಎನ್ನುವ ತಂದೆ ಆ ಹದಿನಾಲ್ಕರಲ್ಲಿ ಒಬ್ಬರೂ ಇರಲಿಲ್ಲ. ಮೂವರಿಗೆ ಆಗಲೇ ಗಂಡು ನೋಡಿ ಇಟ್ಟಿದ್ದರು.

ಮಂಡ್ಯದಿಂದ ಜೀಪಿನಲ್ಲಿ ಇನ್‌ಸ್ಪೆಕ್ಟರು ಬಂದರು. ದಪ್ಪ ಮೈಯ, ರಕ್ತದೊತ್ತಡದ, ಒಳ್ಳೆಯ ಮನುಷ್ಯ. ಶಾಲೆಯ ಸಮಿತಿಯ ಅಧ್ಯಕ್ಷರಾದ ಗೌಡರು ಕಬ್ಬಿನ ಗದ್ದೆಯಿಂದ ನೇರವಾಗಿ ಬಂದು, ಕೈತೊಳೆದು, ಎಳನೀರು ಕೊಟ್ಟರು. ಕುಡಿಯುತ್ತ ಇನ್‌ಸ್ಪೆಕ್ಟರು ಮೇಡಂ ತುಂಬಿಟ್ಟಿದ್ದ ನಮೂನೆಯನ್ನು ನೋಡಿದರು. ಎಳನೀರು ನೆತ್ತಿಗೇರಿ ಕೆಮ್ಮಿದರು.

“ಇದೇನಮ್ಮ ಇದು? ‘ಬಾಗಿಲು ಒಂದು, ಸದ್ಯ ಟಾಂಜಾನಿಯಾದಲ್ಲಿದೆ’?”

“ಹೌದು ಸಾರ್. ಅವರ ಪತ್ರದ ನಕಲು ಲಗತ್ತಿಸಿದ್ದೇನೆ.”

ಇನ್‌ಸ್ಪೆಕ್ಟರು ಕಟ್ಟಡದ ಸುತ್ತ ತಿರುಗಿ ಬಂದರು. ಅವರೂ ಎರಡು ಸಲವೇ ತಿರುಗಿದರು. ಕಿಟಕಿಯ ಕಲ್ಲಿನ ಮುಂದೆ ನಿಂತು ತಮ್ಮ ಹೊಟ್ಟೆ ನೋಡಿಕೊಂಡರು.

“ನಾನು ಹತ್ತೋಲ್ಲ. ನೋಡಿ ಮೇಡಂ, ನನಗೂ ಹೆಣ್ಣುಮಕ್ಕಳಿದ್ದಾರೆ. ನಾಳೆ ಬೆಂಕಿಯೋ ಇನ್ನೊಂದೋ ಆದರೆ ಈ ಮಕ್ಕಳು ಹೊರಗೆ ಬರೋದು ಹೇಗೆ? ಹೇಗಂತ ಬರೀಲಿ ನಾನು?”

ಮೇಡಂ ಸ್ವಲ್ಪ ಯೋಚಿಸಿದರು. “ಸಾರ್, ನಿಮ್ಮ ಗಡಿಯಾರ ನೋಡಿಕೊಳ್ಳಿ,” ಎಂದವರೇ ಚಿಕ್ಕಯ್ಯನಿಗೆ ಸನ್ನೆ ಮಾಡಿದರು. ಅವನು ಗಂಟೆ ಬಾರಿಸಿದ.

ಏಳು ಕಿಟಕಿಗಳು ಒಟ್ಟಿಗೆ ಸರಿದವು. ಲಂಗ ದಾವಣಿಯ ಐವತ್ತೆಂಟು ಹುಡುಗಿಯರು ಅಂಚಿಗೆ ಕೈಯೂರಿ, ಚಪ್ಪಡಿಯ ಮೇಲೆ ಕಾಲಿಟ್ಟು, ತೂಬು ತೆಗೆದ ನೀರಿನ ಹಾಗೆ ಹೊರಗೆ ಬಂದರು. ನೂಕಾಟವಿಲ್ಲ, ಸದ್ದಿಲ್ಲ. ಇನ್‌ಸ್ಪೆಕ್ಟರು ಬಾಯಿ ಮುಚ್ಚುವಷ್ಟರಲ್ಲಿ ಎತ್ತರದ ಪ್ರಕಾರ ಸಾಲಾಗಿ ನಿಂತಿದ್ದರು.

“ಎಷ್ಟು ಹೊತ್ತಾಯಿತು ಸಾರ್?”

“ಗಡಿಯಾರ ನೋಡೋದೇ ಮರೆತೆ,” ಎಂದರು ಇನ್‌ಸ್ಪೆಕ್ಟರು. “ಇನ್ನೊಂದು ಸಲ ಮಾಡಿಸಿ.”

ಇನ್ನೊಂದು ಸಲವೂ ಮಾಡಿದರು. ಅರ್ಧ ನಿಮಿಷವೂ ಹಿಡಿಯಲಿಲ್ಲ. ಇನ್‌ಸ್ಪೆಕ್ಟರು ಕುರ್ಚಿಯಲ್ಲಿ ಕೂತು ಕರವಸ್ತ್ರದಿಂದ ಮುಖ ಒರೆಸಿಕೊಂಡರು. “ಎಂಥೆಂಥ ಕಲ್ಲುಕಟ್ಟಡದ ಸ್ಕೂಲು ನೋಡಿದ್ದೀನಿ. ಗಂಟೆ ಹೊಡೆದರೆ ಒಂದೇ ಬಾಗಿಲಲ್ಲಿ ಕುರಿಮಂದೆ ಥರ ಸಿಕ್ಕಿಕೊಳ್ತಾರೆ. ಬಾಗಿಲು ಅಂದ್ರೆ ಏನು ಹೇಳಿ? ಜನ ಹೋಗಿ ಬರೋ ಜಾಗ. ‘ಬಾಗಿಲು: ಏಳು’ ಅಂತ ಬರೀತೀನಿ. ಮುಗೀತು.”

ಗೌಡರು ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡರು.

“ಅವು ಕಿಟಕಿ ಸಾರ್,” ಎಂದರು ಮೇಡಂ.

“ಗೊತ್ತಮ್ಮ.”

“ಹಾಗಾದರೆ ಕಿಟಕಿಯ ಕಾಲಂನಲ್ಲಿ ಏನು ಬರೀತೀರಿ?”

“ಇಲ್ಲ ಅಂತ ಬರೀತೀನಿ.”

“ಏಳು ಬಾಗಿಲು ಇದ್ದು ಕಿಟಕಿಯೇ ಇಲ್ಲದ ಶಾಲೆಗೆ ಗಾಳಿ ಬೆಳಕು ಎಲ್ಲಿಂದ ಬರುತ್ತೆ ಸಾರ್? ಮುಂದಿನ ಕಾಲಂ ಅದೇ.”

ಇನ್‌ಸ್ಪೆಕ್ಟರು ತಲೆಯ ಮೇಲೆ ಕೈಯಿಟ್ಟುಕೊಂಡರು. ನಾನು ಹಿಂದಿನಿಂದ ಮೇಡಂ ಸೆರಗು ಎಳೆದೆ. ಗೌಡರು ತಗ್ಗಿದ ದನಿಯಲ್ಲಿ, “ಮೇಡಮ್ನೋರೆ, ನಿಮ್ ದಮ್ಮಯ್ಯ, ಒಸಿ ಸುಮ್ಕಿರಿ,” ಎಂದರು. ಮೇಡಂ ಸುಮ್ಮನಾಗಲಿಲ್ಲ. ಅದು ಹಟವಲ್ಲ, ನನಗೆ ಗೊತ್ತು. ನಿಜವಾಗಿಯೂ ಅವರಿಗೆ ದಾರಿ ಕಾಣುತ್ತಿರಲಿಲ್ಲ. ಇಷ್ಟು ವರ್ಷ ಒಂದು ಅಕ್ಷರವನ್ನೂ ಹುಸಿ ಬರೆಯದ ಕೈ ಅದು.

ಅವರು ತಿರುಗಿ ಸಾಲಿನ ಕಡೆ ನೋಡಿದರು. ಹದಿನಾಲ್ಕು ಹುಡುಗಿಯರೂ ಅವರನ್ನೇ ನೋಡುತ್ತಿದ್ದರು. ಚಪ್ಪಡಿ ತಂದವರ ಮಗಳು ಸಾಲಿನ ಕೊನೆಯಲ್ಲಿದ್ದಳು, ಏದುಸಿರು ಇನ್ನೂ ಇಳಿದಿರಲಿಲ್ಲ.

ಮೇಡಂ ಕನ್ನಡಕ ತೆಗೆದರು. ಕನ್ನಡಕವಿಲ್ಲದಿದ್ದರೆ ಅವರಿಗೆ ತಮ್ಮ ಕೈಯೇ ಸರಿಯಾಗಿ ಕಾಣುತ್ತಿರಲಿಲ್ಲ. ಅದನ್ನು ಮಡಿಸಿ ನನ್ನ ಕೈಗೆ ಕೊಟ್ಟರು.

“ಎಲ್ಲಿ ಸಹಿ ಮಾಡಬೇಕು, ಬೆರಳಿಟ್ಟು ತೋರಿಸಿ ಸಾರ್,” ಎಂದರು.

ಇನ್‌ಸ್ಪೆಕ್ಟರು ಬರೆದು, ಅವರ ಬೆರಳು ಹಿಡಿದು ಜಾಗ ತೋರಿಸಿದರು. ಮೇಡಂ ಸಹಿ ಮಾಡಿದರು. ಸಹಿ ಗೆರೆ ಬಿಟ್ಟು ಕೆಳಗಿಳಿದಿತ್ತು.

ಮಾನ್ಯತೆ ಬಂತು. ಹದಿನಾಲ್ಕು ಮಂದಿಯೂ ಮದ್ದೂರಿನಲ್ಲಿ ಪರೀಕ್ಷೆ ಬರೆದರು, ಹನ್ನೊಂದು ಮಂದಿ ಪಾಸಾದರು. ಬೀಜಗಣಿತದ ಹುಡುಗಿ ಮುಂದೆ ಮೇಡಮ್ಮೇ ಆಗಿ ಮಳವಳ್ಳಿಯಲ್ಲಿ ಲೆಕ್ಕ ಕಲಿಸಿದಳು. ಮೊನ್ನೆ ಫೋನು ಮಾಡಿದವಳು ಅವಳೇ. ಹೊಸ ಬಾಗಿಲು ನಾನು ಮದುವೆಯಾಗಿ ಆ ಕೆಲಸ ಬಿಟ್ಟ ಮೇಲೆ ಬಂತಂತೆ. ಮೊದಲೇ ಬಂದಿದ್ದ ಬೀಗದ ಕೈ ಅದಕ್ಕೆ ಹೊಂದಲಿಲ್ಲ. ಅದು ಟಾಂಜಾನಿಯಾದ ಬಾಗಿಲಿನದೇ ಇರಬೇಕೆಂದು ಮೇಡಂ ತರ್ಕಿಸಿ, ದಾಸ್ತಾನು ಪುಸ್ತಕದಲ್ಲಿ ಹೊಡೆದುಹಾಕಿ, ರಿಜಿಸ್ಟರ್ಡ್ ಟಪಾಲಿನಲ್ಲಿ ಅಲ್ಲಿಗೆ ಕಳಿಸಿದರಂತೆ. ಹೊಂದಿತೆಂದು ಕಾಗದವೂ ಬಂತಂತೆ. ಮೇಡಂ ನಿವೃತ್ತರಾಗುವವರೆಗೆ ನಮ್ಮ ಶಾಲೆಯಲ್ಲೇ ಇದ್ದರು.

ಆದರೆ ಅವರನ್ನು ನೆನೆದಾಗ ನನ್ನ ಕಣ್ಣಿಗೆ ಮೊದಲು ಬರುವುದು ಇನ್‌ಸ್ಪೆಕ್ಷನ್ನಿನ ಮಾರನೆಯ ಬೆಳಿಗ್ಗೆ. ಎಂದಿನ ಬಸ್ಸಿಗೇ ಬಂದರು, ಒಳಗೆ ಮಾತ್ರ ಬರಲಿಲ್ಲ. ಹೊರಗೆ ಹೊಂಗೆಮರದ ಕೆಳಗೆ ನಿಂತು, ಗೌಡರನ್ನು ಕರೆಸಿ ಎಂದರು. ಅವರ ಕೈಯಲ್ಲಿ ಒಂದು ರಜಾ ಅರ್ಜಿಯಿತ್ತು. ರಜೆ ಮಂಜೂರಾಗುವ ಮುನ್ನ ಮನೆಯಲ್ಲಿ ಉಳಿಯುವಂತಿಲ್ಲವೆಂಬ ನಿಯಮವಿದ್ದದ್ದರಿಂದ, ರಜೆ ಕೇಳಲು ಅಷ್ಟು ದೂರ ಬಸ್ಸು ಹತ್ತಿ ಬಂದಿದ್ದರು.

ಗೌಡರು ಬಂದರು. ಅವರಿಗೆ ಸಹಿ ಮಾಡಲು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ಅರ್ಜಿಯನ್ನು ನನ್ನ ಕೈಗೆ ಕೊಟ್ಟು, “ಓದವ್ವ,” ಎಂದರು. ನಾನು ಓದಿದೆ.

‘ನಿನ್ನೆಯ ದಿನ ಸುಳ್ಳೆಂದು ನನಗೆ ತಿಳಿದಿದ್ದ ವಿವರಕ್ಕೆ ಸಹಿ ಮಾಡಿರುವ ಕಾರಣ, ಈ ದಿನ ಮಕ್ಕಳ ಮುಂದೆ ನಿಲ್ಲಲು ನಾನು ಯೋಗ್ಯಳಲ್ಲ. ಆದಕಾರಣ ಒಂದು ದಿನದ ರಜೆ ಮಂಜೂರು ಮಾಡಬೇಕಾಗಿ ಕೋರುತ್ತೇನೆ.’

ಗೌಡರು ನಗುತ್ತಾರೇನೋ ಎಂದು ನನಗೆ ಭಯವಾಯಿತು. ಅವರು ನಗಲಿಲ್ಲ. ಟವೆಲನ್ನು ಹೆಗಲಿನಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಮೆಲ್ಲಗೆ ಕೇಳಿದರು.

“ಒಂದ್ ದಿನ ಸಾಕಾ ಮೇಡಮ್ನೋರೆ?”

“ಸಾಕು ಗೌಡ್ರೆ,” ಎಂದರು ಮೇಡಂ. “ಸುಳ್ಳು ಹೇಳಿದ್ದು ಒಂದೇ.”

ಗೌಡರು ಮರಕ್ಕೆ ಕಾಗದವಿಟ್ಟು ಸಹಿ ಹಾಕಿದರು. ಮೇಡಂ ಅದನ್ನು ತೆಗೆದುಕೊಂಡು ಮೊದಲಿನಿಂದ ಕೊನೆಯವರೆಗೆ ಓದಿ, ಸಹಿಯ ಕೆಳಗೆ ತಾರೀಖು ಇಲ್ಲವೆಂದು ತೋರಿಸಿ ಅದನ್ನೂ ಹಾಕಿಸಿಕೊಂಡು, ಕೊಡೆ ಬಿಚ್ಚಿ, ರಸ್ತೆ ದಾಟಿ ಮದ್ದೂರು ಬಸ್ಸಿಗೆ ಕಾಯುತ್ತ ನಿಂತರು.